ಸೊಸೆಯ ಉಪನ್ಯಾಸ, ಅತ್ತೆಯ ಪ್ರಶ್ನೆ

ಹೋದ ಸಲ ಹಲಸಿನ ಹಪ್ಪಳದ ವಿಷಯ ಬರೆದಿದ್ದೆ. ಈ ಸಲದ್ದೂ ಅಡಿಗೆಮನೆಯಲ್ಲೇ ನಡೆದದ್ದು, ಆದರೆ ಅಡಿಗೆಯದಲ್ಲ.

ಕೆಂಗೇರಿ ಉಪನಗರದ ನಮ್ಮ ಮನೆಗೆ ಬಂದ ಸೊಸೆ ಕಾಂತೀಯ ಅನುರಣನ ಎಂಬ ವಿಷಯದಲ್ಲಿ ಸಂಶೋಧನೆ ಮಾಡಿದವಳು. ಹೆಸರು ಕೇಳಿ ಗಾಬರಿಯಾಗಬೇಡಿ. ಆಸ್ಪತ್ರೆಯಲ್ಲಿ ಎಂ.ಆರ್.ಐ. ಸ್ಕ್ಯಾನ್ ಅನ್ನುತ್ತಾರಲ್ಲ, ಅದರ ಮೂಲ ಇದೇ. ಮೈಸೂರಿನ ಕಾಲೇಜೊಂದರಿಂದ, ಬಂದು ಒಂದು ಗಂಟೆ ಮಾತನಾಡಿ ಎಂದು ಅವಳಿಗೆ ಕರೆ ಬಂತು. ಮಗುವಿಗೆ ಆಗ ಎಂಟು ತಿಂಗಳು.

"ಆಗಲ್ಲ ಅಂತ ಬರೆದುಬಿಡ್ತೀನಿ ಅತ್ತೆ" ಎಂದಳು. ಬಸುರಿಯಾಗಿದ್ದಾಗ ಬಂದ ಕರೆಯನ್ನೂ ಬಾಣಂತನದಲ್ಲಿ ಬಂದದ್ದನ್ನೂ ಹೀಗೇ ಬಿಟ್ಟಿದ್ದಳು.

ಈ ಕರೆಯ ಮರ್ಮ ನಮಗೆ ಗೊತ್ತಿಲ್ಲವೇ? ಅರಿಶಿನ ಕುಂಕುಮಕ್ಕೆ ಎರಡು ಸಲ ಹೋಗದಿದ್ದರೆ ಮೂರನೆಯ ಸಲ ಕರೆಯುವವರು ನಮ್ಮ ಬಾಗಿಲು ದಾಟಿ ಮುಂದಿನ ಮನೆಗೆ ಹೋಗುತ್ತಾರೆ. ಓದಿದವರ ಲೋಕವೂ ಹಾಗೇ. ಕೊಡುವುದು ರೈಲು ಚಾರ್ಜು, ಒಂದು ಊಟ, ಹೆಚ್ಚೆಂದರೆ ಒಂದು ಶಾಲು. ಆದರೆ ಅಲ್ಲಿ ಕೂತು ಕೇಳಿದವರೇ ನಾಳೆ ಒಂದು ಕೆಲಸಕ್ಕೆ ಹೆಸರು ಹೇಳುವವರು.

"ಮಗೂನ ನಾನು ನೋಡ್ಕೋತೀನಿ. ಮೊದಲು ಆ ಮಾತನ್ನ ನನಗೆ ಹೇಳು" ಎಂದೆ.

ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತೆ. ಅವಳು ಶುರು ಮಾಡಿದಳು. ಹತ್ತು ನಿಮಿಷ ಬರೀ ಲೆಕ್ಕ, ಬರೀ ಸೂತ್ರ. ಆಕಳಿಕೆ ತಡೆಯಲಾರದೆ ಕೇಳಿಬಿಟ್ಟೆ: "ಅಲ್ಲಮ್ಮ, ಸ್ಕ್ಯಾನ್ ಮಾಡುವಾಗ ತಾಳಿ ಯಾಕೆ ಬಿಚ್ಚಿಸ್ತಾರೆ?" ಎರಡು ವರ್ಷದ ಹಿಂದೆ ಕುತ್ತಿಗೆ ನೋವಿಗೆಂದು ಹೋದಾಗ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು ಅತ್ತಿದ್ದೆ. ಕಾರಣ ಯಾರೂ ಹೇಳಿರಲಿಲ್ಲ.

ಸೂತ್ರ ಬಿಟ್ಟು ಹೇಳಿದಳು. ನಮ್ಮ ಮೈಯ ಬಹುಪಾಲು ನೀರು. ಆ ನೀರಿನ ಜಲಜನಕದ ಒಂದೊಂದು ಕಣವೂ ಪುಟ್ಟ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ೧.೫ ಟೆಸ್ಲಾ ಯಂತ್ರದ ಬಲ ಭೂಮಿಯ ಕಾಂತಬಲದ ೩೦,೦೦೦ ಪಟ್ಟಿಗೂ ಹೆಚ್ಚು. ಆ ಬಲದಲ್ಲಿ ರೇಡಿಯೋ ಅಲೆ ಕಳಿಸಿದರೆ, ಮುಳ್ಳು ಸರಿಯಾದ ಸ್ಟೇಷನ್ನಿಗೆ ಬಂದಾಗ ಮಾತ್ರ ಹಾಡು ಕೇಳುವಂತೆ, ಈ ಕಣಗಳು ಮರುದನಿ ಕೊಡುತ್ತವೆ. ಅದರಿಂದಲೇ ಚಿತ್ರ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಸರದಲ್ಲಿ ವಿದ್ಯುತ್ ಹರಿದು ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಸೆರಗಿನ ಉಕ್ಕಿನ ಪಿನ್ನು, ಹೇರ್‌ಪಿನ್ನುಗಳಂತೂ ಬಾಣದಂತೆ ಹಾರುತ್ತವೆ. ಪೇಸ್‌ಮೇಕರ್ ಇರಲಿ, ಆಪರೇಷನ್ನಿನಲ್ಲಿ ಹಾಕಿದ ಕ್ಲಿಪ್ಪು ಇರಲಿ, ಮೊದಲೇ ಹೇಳಬೇಕು. (ಇದನ್ನು ನೀವೂ ಮರೆಯಬೇಡಿ.)

"ಇದನ್ನೇ ಮೊದಲು ಹೇಳು, ಲೆಕ್ಕ ಆಮೇಲೆ" ಎಂದೆ.

ಆಮೇಲೆ ಹೇಳಿದ್ದನ್ನು ಕೇಳಿ ನನ್ನ ಕೈ ನಿಂತಿತು. ಇಂಥ ಮರುದನಿಯನ್ನು ಕೇಳಿದ್ದಾಗಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ತಂಡಗಳು ಪ್ರಕಟಿಸಿದ್ದು ೧೯೪೬ರಲ್ಲಿ. ಬರೀ ಐದು ವರ್ಷಕ್ಕೆ, ೧೯೫೧ರಲ್ಲಿ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಿದ್ದ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಅದನ್ನು ಅಳೆದು ಪ್ರಕಟಿಸಿದರು. ನಿಂತ ನೀರಿನ ಕಣಗಳು ಉತ್ತರ ಕೊಟ್ಟೂ ಕೊಟ್ಟೂ ದಣಿಯುತ್ತವೆ. ಹರಿಯುವ ನೀರಿನಲ್ಲಿ ದಣಿಯದ ಹೊಸ ಕಣಗಳು ಬರುತ್ತಲೇ ಇರುತ್ತವೆ, ದನಿ ಜೋರು. ಬಣ್ಣದ ಔಷಧಿ ಚುಚ್ಚದೆ ಮಿದುಳಿನ ರಕ್ತನಾಳ ನೋಡುವ ಒಂದು ಬಗೆಯ ಸ್ಕ್ಯಾನ್ ಇವತ್ತು ನಿಂತಿರುವುದು ಇದೇ ಗುಟ್ಟಿನ ಮೇಲೆ.

"ಇದನ್ನ ಕೊನೇಲಿ ಒಂದು ಸಾಲು ಹಾಕಿದ್ದೀನಿ ಅತ್ತೆ."

"ನಮ್ಮೂರಿನದು ಕೊನೇಲಿ ಯಾಕೆ?"

ಸುಮ್ಮನೆ ನನ್ನ ಮುಖ ನೋಡಿದಳು. ಆ ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಎಲ್ಲವನ್ನೂ ತಿರುಗಿಸಿ ಬರೆದಳು.

ಕೆಂಗೇರಿ ಸ್ಟೇಷನ್ನಿನಿಂದ ಬೆಳಗಿನ ರೈಲಿಗೆ ಹೋದಳು. ಮಗು ಮಧ್ಯಾಹ್ನದವರೆಗೆ ಅತ್ತು, ರಾಗಿ ಸರಿ ತಿಂದು ಮಲಗಿತು. ನಾನೂ ಅತ್ತೆ ಎಂದರೆ ನಗಬೇಡಿ.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ತಾಳಿ ತೆಗೆಯೋಲ್ಲ ಅಂತ ನಮ್ಮಮ್ಮ ಸ್ಕ್ಯಾನೇ ಬೇಡ ಅಂದ್ರು, ಏನು ಮಾಡ್ಲಿ ಮೇಡಂ?" ಎಂದಳಂತೆ. ಹತ್ತಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು ಹೋಗಲಿ, ಅದರಲ್ಲಿ ಲೋಹವಿಲ್ಲ, ಸ್ಕ್ಯಾನ್ ಮಾಡುವವರಿಗೆ ತೋರಿಸಿ ಒಂದು ಮಾತು ಕೇಳಲಿ ಎಂದು ಇವಳು ಹೇಳಿದಳು.

ಈಗ ಧಾರವಾಡದಿಂದ ಕರೆ ಬಂದಿದೆ. ಅದು ಎರಡು ದಿನದ್ದು. ಮಗುವನ್ನು ಕರೆದುಕೊಂಡು ನಾನೂ ಹೋಗುವುದೋ, ಇಲ್ಲೇ ಇಟ್ಟುಕೊಳ್ಳುವುದೋ, ಇನ್ನೂ ಮಾತು ನಡೆಯುತ್ತಿದೆ.