ಪ್ಲಗಿನ್ ಪಟ್ಟಿ ಆಮೇಲೆ, ಮೊದಲು ಮನೆ ಬಿದ್ದವರ ಪಟ್ಟಿ ಓದುವಂತಾಗಲಿ

ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಕಳಿಸಿದ. ‘ಟೆಕ್ಸ್ಟ್ ಎಡಿಟರ್‌ನಲ್ಲಿ ಇರಲೇಬೇಕಾದ ಹತ್ತು ಪ್ಲಗಿನ್‌ಗಳು’. ಆವರಣ ಚಿಹ್ನೆಗಳಿಗೆ ಬಣ್ಣ ಹಚ್ಚುವುದು, ಸಾಲುಗಳನ್ನು ತಾನೇ ಒಪ್ಪವಾಗಿ ಜೋಡಿಸುವುದು, ಪರದೆಯನ್ನು ಚೆಂದ ಮಾಡುವುದು, ಹೀಗೆ. ‘ನೀನೂ ದಿನಾ ಬರೆಯೋನಲ್ವಾ, ಹಾಕ್ಕೋ’ ಅಂದ. ಹತ್ತರಲ್ಲಿ ಒಂದೂ ಕನ್ನಡ ಬರೆಯುವವನ ಕೆಲಸಕ್ಕೆ ಬರುವಂಥದ್ದಲ್ಲ.

ಪ್ಲಗಿನ್ ಅಂದರೇನು ಅಂತ ಕೇಳುವವರಿಗೆ ಒಂದು ಮಾತು. ಟೆಕ್ಸ್ಟ್ ಎಡಿಟರ್ ಅಂದರೆ ಅಕ್ಷರ ಬರೆದು ತಿದ್ದುವ ತಂತ್ರಾಂಶ, ನೋಟ್‌ಪ್ಯಾಡ್ ಥರದ್ದು. ಅದನ್ನು ಟ್ರ್ಯಾಕ್ಟರ್ ಅಂದುಕೊಳ್ಳಿ. ಹಿಂದೆ ರೋಟವೇಟರ್ ಸಿಕ್ಕಿಸಿದರೆ ಮಣ್ಣು ಪುಡಿ ಮಾಡುತ್ತದೆ, ಟ್ರೇಲರ್ ಸಿಕ್ಕಿಸಿದರೆ ಕಬ್ಬು ಹೇರುತ್ತದೆ. ಹಾಗೆ ಸಿಕ್ಕಿಸುವ ಸಲಕರಣೆಗಳೇ ಪ್ಲಗಿನ್.

ಕನ್ನಡದ ವರದಿಗಾರರನ್ನು ‘ನಿಮಗೆ ಇರಲೇಬೇಕಾದ ಸಲಕರಣೆ ಯಾವುದು’ ಅಂತ ಕೇಳಿ. ಹೆಚ್ಚಿನವರು ‘ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ’ ಅನ್ನುತ್ತಾರೆ. ನಾನೂ ಅದನ್ನೇ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ. ಆ ಪರಿವರ್ತಕ ನಮ್ಮ ಕೈಯಲ್ಲಿರುವುದು ಹೆಮ್ಮೆಯ ವಿಷಯವಲ್ಲ, ನಾಚಿಕೆಯ ವಿಷಯ. ಯಾಕೆ ಅಂತ ಹೇಳುತ್ತೇನೆ.

ಹೋದ ಮಳೆಗಾಲದಲ್ಲಿ ನಮ್ಮ ಕಡೆ ಮನೆ ಬಿದ್ದವರ ಪಟ್ಟಿಯನ್ನು ಒಂದು ಕಚೇರಿಯವರು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದರು. ವರ್ಡ್ ಫೈಲು. ಹೆಸರು ಬಿಟ್ಟುಹೋಗಿದ್ದರೆ ಮೂರು ದಿನದೊಳಗೆ ಅರ್ಜಿ ಕೊಡಿ ಅಂತ ಅದರಲ್ಲೇ ಬರೆದಿತ್ತು. ನಾಲ್ಕನೇ ದಿನ ನಮ್ಮ ಓಣಿಯ ಹಿರಿಯರೊಬ್ಬರು ಮೊಮ್ಮಗನ ಫೋನ್ ಹಿಡಿದು ಬಂದರು.

‘ತಮ್ಮಾ, ಇದ್ರಾಗ ನನ್ನ ಹೆಸ್ರು ಐತೇನು ನೋಡು. ಹುಡುಗ್ರಿಗೂ ಓದಾಕ ಬರವಲ್ದು.’

ಹುಡುಗರಿಗೆ ಓದಲು ಬರುತ್ತದೆ. ಫೈಲೇ ಓದುವ ಹಾಗಿರಲಿಲ್ಲ. ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಗೀಟಿನ ಎ. ‘ಕನ್ನಡ’ ಅನ್ನುವ ಪದವೇ ಫೋನಿನಲ್ಲಿ ಹೀಗೆ ಕಾಣುತ್ತದೆ. ನೀವೂ ನೋಡಿರುತ್ತೀರಿ. ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಫಾಂಟ್ ಇತ್ತು, ತೆರೆದು ನೋಡಿದೆ. ಅವರ ಹೆಸರು ಇರಲಿಲ್ಲ.

‘ಕಾಕಾ, ಹೆಸ್ರು ಇಲ್ರಿ. ಅರ್ಜಿ ಕೊಡೂದು ನಿನ್ನೆಗೆ ಮುಗದೈತಿ’ ಅಂತ ನಾನೇ ಹೇಳಬೇಕಾಯಿತು. ಆ ಫೈಲು ನನ್ನ ಗುಂಪಿಗೂ ಬಂದಿತ್ತು. ನನಗೆ ತೆರೆದುಕೊಂಡಿತು, ಹಾಗಾಗಿ ಬೇರೆಯವರಿಗೆ ತೆರೆಯುವುದಿಲ್ಲ ಎಂಬ ಯೋಚನೆಯೇ ಬರಲಿಲ್ಲ. ಅದು ನನ್ನ ತಪ್ಪು.

ಇದು ಹೇಗಾಗುತ್ತದೆ? ಹಳೆಯ ಕಾಲದಲ್ಲಿ ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಜಾಗ ಇತ್ತು. ಆಗ ನಮ್ಮವರು ಒಂದು ಉಪಾಯ ಮಾಡಿದರು. ಆ ಜಾಗಗಳಲ್ಲೇ ಕನ್ನಡ ಅಕ್ಷರಗಳ ತುಂಡುಗಳ ಚಿತ್ರ ಕೂರಿಸಿದರು. ಒಳಗಿರುವುದು ಇಂಗ್ಲಿಷಿನ ಪಿ, ಮೇಲೆ ಕಾಣುವುದು ಕನ್ನಡದ ಕ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಈ ವೇಷ ನಿಲ್ಲುತ್ತದೆ. ಫಾಂಟ್ ಇಲ್ಲದ ಫೋನಿಗೆ ಹೋದರೆ ಬಣ್ಣ ತೊಳೆದು ಒಳಗಿನದು ಕಾಣುತ್ತದೆ. ಯೂನಿಕೋಡ್ ಹಾಗಲ್ಲ. ಅದರಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳಿವೆ. ‘ಕ’ ಎಲ್ಲಿ ಹೋದರೂ ‘ಕ’ನೇ. ಈ ವ್ಯವಸ್ಥೆಯ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಅದರಲ್ಲೇ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟೂ ಬಂತು. ಅಂದರೆ ಆಗ ಹುಟ್ಟಿದ ಮಕ್ಕಳು ಈಗ ಮತ ಹಾಕುತ್ತಿದ್ದಾರೆ, ನಾವಿನ್ನೂ ವೇಷದ ಅಕ್ಷರದಲ್ಲೇ ಸುದ್ದಿ ಬರೆಯುತ್ತಿದ್ದೇವೆ.

ಪರಿವರ್ತಕ ಇದೆಯಲ್ಲ ಅನ್ನಬಹುದು. ಇದೆ, ಉಚಿತವಾಗಿಯೇ ಸಿಗುತ್ತದೆ. ಮಾಡಿಕೊಟ್ಟವರಿಗೆ ಕೈ ಮುಗಿಯುತ್ತೇನೆ. ಆದರೆ ಅದರ ಕೈಗೆ ನಾವು ಕೊಡುವುದೇ ಕಲಸುಮೇಲೋಗರ. ವರದಿಯ ಮಧ್ಯೆ ಸಿಸಿಟಿವಿ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಪರಿವರ್ತಕ ಅದನ್ನೂ ವೇಷ ಅಂದುಕೊಂಡು ‘ಅಅಖಿಗಿ’ ಮಾಡಿಬಿಡುತ್ತದೆ. ಎಟಿಎಂ ‘ಂಖಿಒ’ ಆಗುತ್ತದೆ. ಇಂಥ ಪದಗಳನ್ನು ಸುದ್ದಿ ಜಾಲತಾಣಗಳಲ್ಲಿ ನೋಡಿ ನೀವು ನಕ್ಕಿರಬಹುದು. ತಿದ್ದಲು ಯಾರೂ ಕೂರುವುದಿಲ್ಲ, ಅದು ಹಾಗೆಯೇ ಉಳಿಯುತ್ತದೆ. ‘ಅಅಖಿಗಿ’ ನೋಡಿದರೆ ತಪ್ಪು ಅಂತ ಗೊತ್ತಾಗುತ್ತದೆ. ಒಬ್ಬರ ಹೆಸರಿನ ಒತ್ತು ಹಾರಿಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ನನ್ನ ಮೇಲೆ ಬರುವ ಆಕ್ಷೇಪಗಳು.

‘ನುಡಿ ನಮ್ಮ ಕನ್ನಡದ ಹೆಮ್ಮೆ, ಅದನ್ನು ಬಯ್ಯಬೇಡ’ ಅನ್ನುತ್ತಾರೆ. ನಾನು ನುಡಿಯನ್ನು ಬಯ್ಯುತ್ತಿಲ್ಲ. ಕನ್ನಡ ಗಣಕ ಪರಿಷತ್ತಿನ ಆ ಕೆಲಸ ಇಲ್ಲದಿದ್ದರೆ, ಶೇಷಾದ್ರಿವಾಸು ಅವರ ಬರಹ ಇಲ್ಲದಿದ್ದರೆ, ನಮ್ಮಂಥವರು ಕಂಪ್ಯೂಟರ್ ಮುಟ್ಟುತ್ತಲೇ ಇರಲಿಲ್ಲ. ಆದರೆ ಈ ಎರಡೂ ಯೂನಿಕೋಡ್‌ನಲ್ಲೂ ಬರೆಯಲು ಬಿಡುತ್ತವೆ. ಬದಲಿಸಬೇಕಾದ್ದು ಒಂದು ಸೆಟ್ಟಿಂಗ್ ಮಾತ್ರ.

‘ಬೆರಳಿಗೆ ರೂಢಿಯಾಗಿದೆ, ಹೊಸದು ಕಲಿಯಲು ಪುರುಸೊತ್ತಿಲ್ಲ’ ಅನ್ನುತ್ತಾರೆ. ಕಲಿಯಲು ಏನೂ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಯೂನಿಕೋಡ್‌ಗೂ ಇದೆ. ನಾನು ಒಂದು ಸಂಜೆಯಲ್ಲಿ ಬದಲಾದೆ.

‘ಪುಟ ಕಟ್ಟುವವರು ಒಪ್ಪುವುದಿಲ್ಲ’ ಅನ್ನುತ್ತಾರೆ. ಇದರಲ್ಲಿ ಹುರುಳಿದೆ. ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಆದರೆ ಅದರ ಕೊನೆಯ ಆವೃತ್ತಿ ಬಂದದ್ದೂ 2001ರಲ್ಲೇ. 2012ರ ಇನ್‌ಡಿಸೈನ್‌ನಿಂದಲೇ ಭಾರತೀಯ ಲಿಪಿಗಳಿಗೆ ವ್ಯವಸ್ಥೆ ಇದೆ. ಹೊಸದಕ್ಕೆ ಖರ್ಚಿದೆ ನಿಜ. ಆದರೆ ಆ ಖರ್ಚು ಪತ್ರಿಕೆಯದ್ದು. ಅದನ್ನು ಉಳಿಸಲು ಹಳ್ಳಿಯ ಓದುಗ ಯಾಕೆ ಪೌಂಡ್ ಗುರುತು ಓದಬೇಕು? ಅಷ್ಟಕ್ಕೂ ಪರಿವರ್ತಕ ಬೇಕೇ ಬೇಕು ಅಂದರೆ ಅದು ಪುಟ ಕಟ್ಟುವವರ ಮೇಜಿನಲ್ಲಿರಲಿ, ಯೂನಿಕೋಡ್‌ನಿಂದ ನುಡಿಗೆ. ಮೂಲ ಪ್ರತಿ ಯೂನಿಕೋಡ್‌ನಲ್ಲೇ ಉಳಿಯಲಿ.

ಯೂನಿಕೋಡ್ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ‘ರಾಜ್‌ಕುಮಾರ್’ ಎಂದು ಒತ್ತು ಕೂಡದಂತೆ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ಎಡಿಟರ್‌ನಲ್ಲಿ ಹುಡುಕುವಾಗ ಅದಿಲ್ಲದೆ ಟೈಪಿಸಿದರೆ ಆ ಹೆಸರು ಸಿಗದೇ ಹೋಗಬಹುದು. ಆದರೆ ಇದು ಮನೆಯೊಳಗಿನ ತಕರಾರು. ಇದನ್ನು ತಿದ್ದಬೇಕಾದರೂ ಮೊದಲು ಮನೆಯೊಳಗೆ ಬರಬೇಕಲ್ಲ.

ಹಾಗಾದರೆ ಗೆಳೆಯನ ಹತ್ತರ ಬದಲು ನನ್ನ ಪಟ್ಟಿಯಲ್ಲಿ ಏನಿದೆ? ಎರಡೇ ಎರಡು.

ಮೊದಲನೆಯದು ಕಾಗುಣಿತ ಪರೀಕ್ಷಕ. ಹನ್‌ಸ್ಪೆಲ್ ಎಂಬ ಉಚಿತ ತಂತ್ರಾಂಶಕ್ಕೆ ಕನ್ನಡದ ಪದಪಟ್ಟಿ ಇದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಡಿಸ್ಪೆಲ್‌ಚೆಕ್ ಎಂಬ ಪ್ಲಗಿನ್ ಮೂಲಕ ಬಳಸಬಹುದು, ಲಿಬ್ರೆಆಫೀಸ್‌ನಲ್ಲೂ ಆಗುತ್ತದೆ. ಹನ್‌ಸ್ಪೆಲ್ ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ನಮ್ಮಂತೆ ಪದದ ಬಾಲಕ್ಕೆ ಬಾಲ ಕಟ್ಟುವ ಭಾಷೆ. ಆದರೂ ಕನ್ನಡದಲ್ಲಿ ಅದು ಸರಿಯಿರುವ ಪದಗಳಿಗೂ ಕೆಂಪು ಗೆರೆ ಎಳೆಯುತ್ತದೆ. ‘ಮನೆ’ ಗೊತ್ತಿದ್ದರೂ ‘ಮನೆಯಲ್ಲಿದ್ದವರಿಗೂ’ ಅಂದರೆ ತಬ್ಬಿಬ್ಬಾಗುತ್ತದೆ. ಅದಕ್ಕೇ ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ನಾನು ಬಿಡಲಿಲ್ಲ, ಯಾಕೆಂದರೆ ಅದಕ್ಕೆ ಊರ ಹೆಸರು ಕಲಿಸಬಹುದು. ಹೊಳೆಆಲೂರು, ಹೊಳೆ ಆಲೂರು, ಹೊಳೆಆಲೂರ ಎಂದು ನಾವೇ ಮೂರು ಥರ ಬರೆಯುತ್ತೇವೆ. ನಾಳೆ ಆ ಊರಿನ ಹುಡುಗಿ ತನ್ನೂರ ಸುದ್ದಿ ಹುಡುಕಿದರೆ ಮೂರರಲ್ಲಿ ಒಂದು ಭಾಗ ಸಿಗುತ್ತದೆ. ಒಂದು ರೂಪವನ್ನು ಪದಪಟ್ಟಿಗೆ ಸೇರಿಸಿ, ಉಳಿದವಕ್ಕೆ ಅದೇ ಕೆಂಪು ಗೆರೆ ಎಳೆಯುತ್ತದೆ.

ಎರಡನೆಯದು ಕಂಪೇರ್. ಎರಡು ಫೈಲುಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸ ಇದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. ನಾನು ಕಳಿಸಿದ್ದನ್ನೂ ಜಾಲತಾಣದಲ್ಲಿ ಪ್ರಕಟವಾದದ್ದನ್ನೂ ಇಟ್ಟು ನೋಡುತ್ತೇನೆ. ಒಮ್ಮೆ ನಾನು ‘ಎಂದು ಗ್ರಾಮಸ್ಥರು ಆರೋಪಿಸಿದ್ದಾರೆ’ ಅಂತ ಬರೆದಿದ್ದೆ. ಜಾಗ ಸಾಲದೆ ಆ ಮೂರು ಪದ ಹಾರಿತ್ತು. ಆರೋಪ ಹೋಗಿ ಸತ್ಯಸಂಗತಿ ಅಂತ ಅಚ್ಚಾಯಿತು. ಬೈಸಿಕೊಂಡವನು ನಾನು, ಊರಲ್ಲಿರುವವನು ನಾನೇ ತಾನೆ. ಆದರೆ ಕಳಿಸಿದ್ದು ನುಡಿಯಲ್ಲಿ, ಬಂದದ್ದು ಯೂನಿಕೋಡ್‌ನಲ್ಲಿ ಇದ್ದರೆ ಕಂಪೇರ್ ಪ್ರತಿ ಸಾಲನ್ನೂ ಬೇರೆ ಅನ್ನುತ್ತದೆ. ಕಾಗುಣಿತ ಪರೀಕ್ಷಕನೂ ಅಷ್ಟೇ, ವೇಷದ ಅಕ್ಷರ ಅದಕ್ಕೆ ಕನ್ನಡವೇ ಅಲ್ಲ. ಬುಡ ಸರಿ ಇಲ್ಲದಿದ್ದರೆ ಯಾವ ಪ್ಲಗಿನ್ ಸಿಕ್ಕಿಸಿಯೂ ಪ್ರಯೋಜನವಿಲ್ಲ.

ಆದ್ದರಿಂದ ಜೊತೆಗಾರ ವರದಿಗಾರರೇ, ಇವತ್ತೇ ಸೆಟ್ಟಿಂಗ್ ಬದಲಿಸಿ. ಡೆಸ್ಕಿನಲ್ಲಿರುವ ಹಿರಿಯರೇ, ‘ನುಡಿಯಲ್ಲೇ ಕಳಿಸು’ ಅನ್ನುವುದನ್ನು ನಿಲ್ಲಿಸಿ. ಕಚೇರಿಗಳಲ್ಲಿ ಪಟ್ಟಿ ತಯಾರಿಸುವ ಅಣ್ಣಂದಿರೇ, ಅಕ್ಕಂದಿರೇ, ಗುಂಪಿಗೆ ಹಾಕುವ ಮುಂಚೆ ನಿಮ್ಮದೇ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಫೋನಿನಲ್ಲಿ ಇದನ್ನು ಓದುತ್ತಿರುವ ನೀವು ಒಂದು ಕೆಲಸ ಮಾಡಿ. ಇನ್ನೊಮ್ಮೆ ಪೌಂಡ್ ಗುರುತಿನ ಫೈಲು ಬಂದರೆ, ನನಗೇ ಓದಲು ಬರುವುದಿಲ್ಲ ಅಂತ ಸುಮ್ಮನಾಗಬೇಡಿ. ‘ಇದು ಓದಲು ಬರುತ್ತಿಲ್ಲ, ಯೂನಿಕೋಡ್‌ನಲ್ಲಿ ಹಾಕಿ’ ಅಂತ ಅದೇ ಗುಂಪಿನಲ್ಲಿ, ಅದೇ ದಿನ ಬರೆಯಿರಿ. ಮೂರು ದಿನ ಕಾಯಬೇಡಿ.