ಗ್ವಾಡಿ ಬರ್ಕೊಂಡ್ರಿ, ಟ್ರಂಕ್ ಯಾರು ಬರ್ಕೋಬೇಕು?

ಮಳಿ ಮತ್ತ ಮನಿ | ಭಾಗ 4

ಫೋಟೊ ಸರಿಯಾಗಿ ನೋಡ್ರಿ. ನಮ್ಮ ಇರಕಲ್ಲಗಡ ಕಡೆಯ ಮಣ್ಣಿನ ಮಾಳಿಗಿ ಮನಿ. ಮೂರು ದಿನ ಜಿಟಿಜಿಟಿ ಮಳಿ ಹಿಡೀತು, ಮಾಳಿಗಿ ನೀರು ಕುಡೀತು, ರಾತ್ರಿ ನಡುಮನಿ ಗ್ವಾಡಿ ಕುಸೀತು. ಪುಣ್ಯಾ, ಜೀವ ಉಳೀತು. ಮುಂಜಾನೆ ಬಂದವರು ಮೊಬೈಲ್ ಹಿಡಿದು ಗ್ವಾಡಿ ಫೋಟೊ ತೆಗೆದ್ರು, ಹೋದ್ರು. ಗ್ವಾಡಿ ಕೆಳಗ ಏನೈತಿ ಅಂತ ಯಾರೂ ಕೇಳಲಿಲ್ಲ.

ಕೆಳಗ ಇತ್ತು: ಎರಡು ಚೀಲ ಜೋಳ, ಬಿತ್ತಾಕ ಎತ್ತಿಟ್ಟ ಕಡ್ಲಿ, ಅವ್ವ ಹೊಲಿದ ಕೌದಿ, ಹೊಟ್ಟಿ ತುಂಬಸೋ ಹೊಲಿಗಿ ಮಷೀನು, ಮಗಳ ಮಾರ್ಕ್ಸ್ ಕಾರ್ಡ್ ಇದ್ದ ಟ್ರಂಕು.

👉 ಲೆಕ್ಕ ಹೆಂಗೈತಿ?

2019ರ ಪ್ರವಾಹದಾಗ ಬಿದ್ದ ಮನೆಗಳ ವಿವರ ರಾಜೀವ್ ಗಾಂಧಿ ವಸತಿ ನಿಗಮದ ತಂತ್ರಾಂಶಕ್ಕ ಏರಿತು. ಕಟ್ಟಡ ಶೇ. 75ಕ್ಕಿಂತ ಹೆಚ್ಚು ಹಾಳಾದ್ರ ‘ಎ’, 25ರಿಂದ 75 ‘ಬಿ’, 15ರಿಂದ 25 ‘ಸಿ’. ‘ಎ’ಗೆ 5 ಲಕ್ಷ ರೂಪಾಯಿ. ಒಳಗಿನ ಸಾಮಾನಿಗೆ? ಎಲ್ಲರಿಗೂ ಒಂದೇ ಅಳತಿ. ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ಬಟ್ಟೆಗೆ 2,500, ಪಾತ್ರೆ-ಪಡಗಕ್ಕ 2,500. ಹೊಲಿಗಿ ಮಷೀನು ಇದ್ದವರಿಗೂ ಅಷ್ಟೇ, ಇಲ್ಲದವರಿಗೂ ಅಷ್ಟೇ.

👉 ತಂತ್ರಾಂಶಕ್ಕ ಆಗೋದಿಲ್ಲೇನು?

ಆಗತೈತಿ. ಅಮೆರಿಕದಂಥ ದೇಶಗಳಲ್ಲಿ ಮನೆ ಸುಟ್ಟರೆ, ನೀರು ನುಗ್ಗಿದರೆ, ಒಳಗಿನ ಸಾಮಾನು ಉಳಿಸೋದೇ ಒಂದು ದಂಧೆ. ಒಂದೊಂದು ವಸ್ತುವಿಗೂ ಫೋಟೊ, ನಂಬರ್ ಚೀಟಿ. ಯಾವ ಡಬ್ಬಿಯಲ್ಲಿದೆ, ತೊಳೆದರೆ ಬರುತ್ತೋ, ರಿಪೇರಿಯಾಗುತ್ತೋ, ಎಸೆಯಬೇಕೋ, ಎಲ್ಲಾ ತಂತ್ರಾಂಶದಾಗ ದಾಖಲು. ಅವರ ಸೋಫಾಕ್ಕ ನಂಬರ್ ಇರತೈತಿ, ನಮ್ಮ ಜೋಳದ ಚೀಲಕ್ಕ ಇರಬಾರದೇನು?

“ಜನ ಸುಳ್ಳು ಬರೆಸ್ತಾರ” ಅಂತೀರಿ. ಗ್ವಾಡಿ ಫೋಟೊಕ್ಕ ಜಾಗ, ಟೈಮ್ ಬೀಳೋದಾದ್ರ ಟ್ರಂಕಿನ ಫೋಟೊಕ್ಕೂ ಬೀಳತೈತಿ. “ರೊಕ್ಕ ಅಷ್ಟೇ ಅಲ್ಲ, ಪಟ್ಟಿ ಯಾಕ?” ಅಂತೀರಿ. ಪಟ್ಟಿ ಇದ್ರ ಯಾರಿಗೆ ಬೀಜ ಬೇಕು, ಯಾರ ಕಾಗದ ಮತ್ತ ಮಾಡಿಸಬೇಕು, ಯಾರ ದುಡಿಮಿ ನಿಂತೈತಿ ಅಂತ ಮರುದಿನವೇ ತಿಳಿತೈತಿ. ಬರಿಯದ ಹಾನಿ ಸರ್ಕಾರದ ಪಾಲಿಗೆ ಆಗದ ಹಾನಿ.

ನಮ್ಮ ಬೇಡಿಕೆ ಒಂದೇ: ಗ್ವಾಡಿ ಫೋಟೊ ತೆಗೆಯೋ ಆ್ಯಪ್‌ನಲ್ಲೇ ಸಾಮಾನಿನ ಪಟ್ಟಿಗೂ ಒಂದು ಪುಟ ಇರಲಿ. ಅದರ ಒಂದು ಪ್ರತಿ ಮನಿಯವರ ಕೈಗೆ ಕೊಡ್ರಿ.

👉 ಅಲ್ಲಿತನಕ ನೀವು

ದಿನಾ ಹತ್ತು ಫೋಟೊ ಹಾಕ್ತೀರಿ. ಇವತ್ತು ಹತ್ತು ನಿಮ್ಮ ಮನಿಯೊಳಗಿಂದ ತೆಗೀರಿ: ಟ್ರಂಕು, ಕಾಳಿನ ಚೀಲ, ಮಷೀನಿನ ನಂಬರ್, ಪಹಣಿ, ಮಾರ್ಕ್ಸ್ ಕಾರ್ಡ್. ಇಲ್ಲಿ ಹಾಕಬ್ಯಾಡ್ರಿ, ಬ್ಯಾರೆ ಊರಿನ ಅಕ್ಕನಿಗೋ ಅಣ್ಣನಿಗೋ ಕಳಿಸಿಡ್ರಿ. ಮನಿ ಬಿದ್ದ್ರ ಮೊದಲು ಸಾಮಾನಿನ ಫೋಟೊ, ಆಮೇಲೆ ಕೆಸರು ಬಳಿಯೋದು. ತೊಯ್ದ ಕಾಗದ ಬಿಸಿಲಿಗೆ ಬ್ಯಾಡ, ನೆರಳಾಗ ಹರವಿ ಗಾಳಿಗೆ ಆರಸ್ರಿ.

ನಿಮ್ಮ ಮನಿ ಬಿದ್ದಾಗ ಒಳಗಿನ ಏನು ಲೆಕ್ಕಕ್ಕ ಬರಲಿಲ್ಲ? ಕೆಳಗ ಬರೀರಿ. ಭಾಗ 5ರಾಗ ಆ ಪಟ್ಟಿನೇ ಹಾಕೋಣು.

#ಇರಕಲ್ಲಗಡ #ಕೊಪ್ಪಳ #ಮಳಿಮತ್ತಮನಿ