ಬೀರುವಿನಲ್ಲಿ ಪುಸ್ತಕವಿದೆ, ಬೀಗದ ಕೈ ಯಾರಲ್ಲಿದೆ?

ನಮ್ಮ ಯಾವುದೇ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಗೋಡೆಯ ಮೇಲೆ ಗಾಂಧೀಜಿ, ಅಂಬೇಡ್ಕರರ ಭಾವಚಿತ್ರಗಳು. ಮೂಲೆಯಲ್ಲಿ ಬಿಸಿಯೂಟದ ಬೇಳೆಯ ಚೀಲ. ಅದರ ಪಕ್ಕದಲ್ಲಿ ಬೂದುಬಣ್ಣದ ಕಬ್ಬಿಣದ ಬೀರು, ಅದರ ಬಾಗಿಲ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಗ್ರಂಥಾಲಯ’ ಎಂಬ ಬರಹ. ಬೀರುವಿಗೆ ಬೀಗ ಬಿದ್ದಿರುತ್ತದೆ. ಒಳಗಿನ ಪುಸ್ತಕಗಳು ದಾಸ್ತಾನು ವಹಿಯಲ್ಲಿ ಸಂಖ್ಯೆ, ಬೆಲೆ ಸಹಿತ ಅಚ್ಚುಕಟ್ಟಾಗಿ ದಾಖಲಾಗಿರುತ್ತವೆ. ಅಂಕಿಅಂಶಗಳ ನಮೂನೆಯಲ್ಲಿ ‘ಶಾಲೆಯಲ್ಲಿ ಗ್ರಂಥಾಲಯ ಇದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರವೂ ಹೋಗಿರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಐದನೆಯ ತರಗತಿಯ ಮಗುವೊಂದು ಕಳೆದ ತಿಂಗಳು ಆ ಬೀರುವಿನಿಂದ ಯಾವ ಪುಸ್ತಕ ಒಯ್ದಿತು, ಓದಿ ಏನೆಂದಿತು ಎಂದು ಕೇಳುವ ಅಂಕಣ ಆ ನಮೂನೆಯಲ್ಲಿಲ್ಲ.

ಎಲ್ಲ ಶಾಲೆಗಳೂ ಹೀಗಿವೆ ಎಂದರೆ ಅನ್ಯಾಯವಾದೀತು. ತಮ್ಮ ಕೈಯಿಂದ ಹಣ ಹಾಕಿ ಪುಸ್ತಕ ತಂದು, ತರಗತಿಯಲ್ಲಿ ಹಗ್ಗ ಕಟ್ಟಿ ತೂಗುಹಾಕಿ, ಮಕ್ಕಳ ಕೈಗೆಟಕುವಂತೆ ಮಾಡಿದ ಶಿಕ್ಷಕ, ಶಿಕ್ಷಕಿಯರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಆದರೆ ಅದು ಅವರ ಸ್ವಂತ ಆಸಕ್ತಿಯ ಫಲ. ಅವರಿಗೆ ವರ್ಗಾವಣೆಯಾದ ಮರುವರ್ಷ ಹಗ್ಗವೂ ಇಳಿಯುತ್ತದೆ, ಪುಸ್ತಕಗಳೂ ಬೀರು ಸೇರುತ್ತವೆ. ವ್ಯಕ್ತಿಯೊಬ್ಬರ ಒಳ್ಳೆಯತನದ ಮೇಲೆ ನಿಂತದ್ದು ವ್ಯವಸ್ಥೆ ಎನಿಸಿಕೊಳ್ಳುವುದಿಲ್ಲ.

ಕಾಯ್ದೆ ಹೇಳಿದ್ದೆಷ್ಟು, ಬಿಟ್ಟದ್ದೆಷ್ಟು?

ಲೋಪದ ಮೂಲ ಕಾಯ್ದೆಯಲ್ಲೇ ಇದೆ. 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಯಲ್ಲೂ ಗ್ರಂಥಾಲಯವಿರಬೇಕು, ಅಲ್ಲಿ ದಿನಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕಗಳೂ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರಬೇಕು ಎಂದು ವಿಧಿಸುತ್ತದೆ. ಅದೇ ಅನುಸೂಚಿ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರಿರಬೇಕು ಎನ್ನುತ್ತದೆ. ಗ್ರಂಥಾಲಯ ಬೇಕೆಂದ ಕಾಯ್ದೆಗೆ ಗ್ರಂಥಪಾಲಕ ಬೇಕೆಂಬುದು ಮಾತ್ರ ತೋಚಲಿಲ್ಲ. ಅಡುಗೆಮನೆ ಕಟ್ಟಿಸಿ, ಪಾತ್ರೆ ಕೊಡಿಸಿ, ಅಡುಗೆಯವರನ್ನು ನೇಮಿಸದೆ ಬಿಟ್ಟಂತಾಯಿತು ಇದು.

ಹಣ ಬರುತ್ತಿಲ್ಲವೆಂದೂ ಹೇಳುವಂತಿಲ್ಲ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000 ರೂಪಾಯಿಗಳಿಂದ 20,000 ರೂಪಾಯಿಗಳವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಈ ಹಣದಲ್ಲಿ ಪುಸ್ತಕ ಕೊಳ್ಳಬಹುದು. ಕೊಂಡ ಪುಸ್ತಕವನ್ನು ಮಗುವಿನ ಕೈಗೆ ದಾಟಿಸುವವರ ಲೆಕ್ಕ ಇದರಲ್ಲಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಗ್ರಂಥಾಲಯ ಸಿಬ್ಬಂದಿಯ ಲಭ್ಯತೆಯನ್ನೂ ಅವರ ವೃತ್ತಿ ಬೆಳವಣಿಗೆಯನ್ನೂ ಪ್ರಸ್ತಾಪಿಸಿತು ನಿಜ. ಆದರೆ ನೀತಿಯ ಮಾತು ಹುದ್ದೆಯ ಮಂಜೂರಾತಿಯಾಗುವವರೆಗೆ ಮಾತಾಗಿಯೇ ಉಳಿಯುತ್ತದೆ.

ವಿಪರ್ಯಾಸವೆಂದರೆ, ಕೇಂದ್ರ ಸರಕಾರವೇ ನಡೆಸುವ ಕೇಂದ್ರೀಯ ವಿದ್ಯಾಲಯಗಳಲ್ಲೂ ನವೋದಯ ವಿದ್ಯಾಲಯಗಳಲ್ಲೂ ಗ್ರಂಥಪಾಲಕರ ಹುದ್ದೆಗಳಿವೆ. ಅಂದರೆ ಶಾಲೆಗೆ ಗ್ರಂಥಪಾಲಕ ಅಗತ್ಯವೆಂಬುದು ಆಡಳಿತಕ್ಕೆ ತಿಳಿಯದ ಸಂಗತಿಯೇನಲ್ಲ. ವರ್ಗಾವಣೆಯಾಗುವ ಅಧಿಕಾರಿಯ ಮಗುವಿಗೆ, ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಗ್ರಾಮೀಣ ಮಗುವಿಗೆ ಗ್ರಂಥಪಾಲಕರುಂಟು. ಊರ ಶಾಲೆಯಲ್ಲೇ ಉಳಿದ ಕೂಲಿಕಾರರ ಮಗುವಿಗೆ ಬೀರು ಮಾತ್ರ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಇಂಥದೊಂದು ಹುದ್ದೆಯೇ ಇಲ್ಲ. ಪ್ರೌಢಶಾಲೆಗಳಲ್ಲಿ ಈ ಹೊಣೆ ಸಾಮಾನ್ಯವಾಗಿ ಭಾಷಾ ಶಿಕ್ಷಕರೊಬ್ಬರ ಹೆಗಲೇರುತ್ತದೆ.

ಬೀಗದ ಹಿಂದಿನ ಭಯ

ಹೀಗೆ ‘ಪ್ರಭಾರ’ ಹೊತ್ತ ಶಿಕ್ಷಕರು ಬೀರು ತೆರೆಯಲು ಹಿಂಜರಿಯುವುದೇಕೆ? ಸೋಮಾರಿತನವೆಂದು ಜರೆಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿ. ದಾಸ್ತಾನು ವಹಿಯಲ್ಲಿ ಮುನ್ನೂರು ಪುಸ್ತಕಗಳಿವೆ. ಲೆಕ್ಕಪರಿಶೋಧನೆಯ ದಿನ ಮುನ್ನೂರೂ ಇರಬೇಕು. ಒಂದು ಹರಿದರೆ, ಒಂದು ಮಗುವಿನ ಮನೆಯ ಸೋರುವ ಮಾಡಿನಡಿ ನೆನೆದರೆ, ಉತ್ತರ ಹೇಳಬೇಕಾದವರು ಅವರೇ. ಎಷ್ಟು ಪುಸ್ತಕ ಉಳಿದಿವೆ ಎಂದು ಕೇಳುವವರಿದ್ದಾರೆ, ಎಷ್ಟು ಪುಸ್ತಕ ಓದಿಸಿಕೊಂಡಿವೆ ಎಂದು ಕೇಳುವವರಿಲ್ಲ. ಇಂತಹ ಏರ್ಪಾಡಿನಲ್ಲಿ ಬೀಗವೇ ವಿವೇಕವೆನಿಸಿದರೆ ತಪ್ಪು ಶಿಕ್ಷಕರದ್ದಲ್ಲ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಡಾ. ಎಸ್.ಆರ್. ರಂಗನಾಥನ್ ಅವರು 1931ರಷ್ಟು ಹಿಂದೆಯೇ ಇದಕ್ಕೆ ವಿರುದ್ಧವಾದ ಮಾತನ್ನು ಸೂತ್ರರೂಪದಲ್ಲಿ ಹೇಳಿದ್ದರು. ಗ್ರಂಥಾಲಯ ಇರುವುದು ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಅವರ ಚಿಂತನೆಯ ತಳಹದಿ. ರಂಗನಾಥನ್ ನಮಗೆ ದೂರದವರಲ್ಲ. ತಮ್ಮ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ್ದು ಇದೇ ನಗರದಲ್ಲಿ, 1972ರಲ್ಲಿ ನಿಧನರಾದದ್ದೂ ಇಲ್ಲಿಯೇ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಚಿಂತನೆಯ ಪ್ರಭಾವವಿದೆ. ಆ ಕಾಯ್ದೆಯ ಫಲವಾಗಿ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನು ನಾವೆಲ್ಲರೂ ಕಟ್ಟುತ್ತಿದ್ದೇವೆ. ಆದರೆ ಆ ಕಾಯ್ದೆಯ ವ್ಯಾಪ್ತಿ ಸಾರ್ವಜನಿಕ ಗ್ರಂಥಾಲಯಗಳಿಗೆ ಸೀಮಿತ. ಶಾಲೆಯ ಬೀರು ಅದರ ಕಣ್ಣಿಗೆ ಬೀಳುವುದಿಲ್ಲ.

ಮಗುವನ್ನು ಬಲ್ಲವರು ಯಾರು?

ಗ್ರಂಥಪಾಲಕರೆಂದರೆ ಪುಸ್ತಕ ಕೊಟ್ಟು, ದಿನಾಂಕದ ಮೊಹರು ಒತ್ತುವವರೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಶಾಲೆಯ ಗ್ರಂಥಪಾಲಕರ ಕೆಲಸ ಅದಕ್ಕಿಂತ ಬಹಳ ಸೂಕ್ಷ್ಮವಾದುದು. ಅಕ್ಷರ ಕೂಡಿಸಿ ಓದುವ ಮಗುವಿಗೆ ಎರಡು ಸಾಲಿನ ಚಿತ್ರಪುಸ್ತಕ ಕೊಡಬೇಕೋ, ತಡವರಿಸದೆ ಓದುವ ಮಗುವಿಗೆ ನೂರು ಪುಟದ ಕಥೆ ಕೊಡಬೇಕೋ ಎಂಬುದನ್ನು ಅರಿತಿರಬೇಕು. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡಿ, ಶಾಲೆಗೆ ಬಂದಮೇಲೆ ಪುಸ್ತಕದ ಕನ್ನಡವನ್ನು ಎದುರಿಸುವ ಮಗುವಿನ ತೊಡಕನ್ನು ತಿಳಿದಿರಬೇಕು. ಮೈಸೂರು ಸೀಮೆಯ ಕನ್ನಡದಲ್ಲಿ ಬರೆದ ಕಥೆಯ ಮುಂದೆ ಕಲಬುರಗಿಯ ಹುಡುಗ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಗಮನಿಸಬೇಕು. ಗಮನಿಸಿದ್ದನ್ನು ನಾಲ್ಕು ಸಾಲು ಬರೆದಿಡಬೇಕು. ಈ ಪುಸ್ತಕ ಮಕ್ಕಳಿಗೆ ಹಿಡಿಸಿತು, ಇದರ ಮೂರನೆಯ ಪುಟದಲ್ಲೇ ಬೇಸತ್ತರು, ಇದರ ಚಿತ್ರ ಚೆಂದ ಆದರೆ ಅಕ್ಷರ ಸಣ್ಣದು, ಇದನ್ನು ಜೋರಾಗಿ ಓದಿ ಹೇಳಿದರೆ ತರಗತಿಯೇ ನಗುತ್ತದೆ. ಇಂತಹ ಟಿಪ್ಪಣಿಗಳೇ ಮಕ್ಕಳ ಸಾಹಿತ್ಯದ ನಿಜವಾದ ವಿಮರ್ಶೆ.

ಈ ವಿಮರ್ಶೆ ಕನ್ನಡದಲ್ಲಿ ಬಹುತೇಕ ಇಲ್ಲ. ಬರೆಯುವವರ ಕೊರತೆ ನಮಗಿಲ್ಲ. ಪಂಜೆ ಮಂಗೇಶರಾಯರು ಶತಮಾನದ ಹಿಂದೆಯೇ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಶಿವರಾಮ ಕಾರಂತರು ಒಬ್ಬರೇ ಕುಳಿತು ‘ಬಾಲಪ್ರಪಂಚ’ದ ಸಂಪುಟಗಳನ್ನು ರಚಿಸಿದರು. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನು ಬಾಯಿಪಾಠ ಮಾಡದೆ ಬೆಳೆದ ಕನ್ನಡಿಗರು ವಿರಳ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರ ನೀಡುತ್ತಿದೆ. ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿ ಅವರಿಗೆ, 2023ರಲ್ಲಿ ವಿಜಯಶ್ರೀ ಹಾಲಾಡಿ ಅವರಿಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರಿಗೆ ಕನ್ನಡದ ಪುರಸ್ಕಾರ ಸಂದಿತು. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತಂದಿತು. 2015ರಿಂದ ಅದರ ‘ಸ್ಟೋರಿವೀವರ್’ ತಾಣದಲ್ಲಿ ಕಥೆಗಳು ಉಚಿತವಾಗಿ ದೊರೆಯುತ್ತಿವೆ.

ಪುಸ್ತಕವಿದೆ, ಪ್ರಶಸ್ತಿಯಿದೆ. ಆದರೆ ಪ್ರಶಸ್ತಿ ಪಡೆದ ಪುಸ್ತಕವನ್ನು ಮಕ್ಕಳು ಹೇಗೆ ಸ್ವೀಕರಿಸಿದರು ಎಂಬುದು ಲೇಖಕರಿಗೂ ತಿಳಿಯುವುದಿಲ್ಲ, ಪ್ರಕಾಶಕರಿಗೂ ತಿಳಿಯುವುದಿಲ್ಲ. ಸರಕಾರದ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆಗೆ ಪುಟಗಳ ಎಣಿಕೆಯೇ ಮುಖ್ಯ ಆಧಾರ. ಹದಿನಾರೇ ಪುಟಗಳಲ್ಲಿ ಕಲಾವಿದರೊಬ್ಬರ ತಿಂಗಳುಗಳ ಶ್ರಮ ಅಡಗಿರುವ ಚಿತ್ರಪುಸ್ತಕಕ್ಕೆ ಈ ಲೆಕ್ಕದಲ್ಲಿ ನ್ಯಾಯ ಸಿಗುವುದು ಕಷ್ಟ. ಮೂರನೆಯ ತರಗತಿಯ ಮಗುವಿಗೆ ಬೇಕಾದದ್ದು ಮಾತ್ರ ಅಂಥದೇ ಪುಸ್ತಕ. ಒಟ್ಟಿನಲ್ಲಿ, ಪುಸ್ತಕ ಆಯುವವರಿಗೆ ಮಗು ಗೊತ್ತಿಲ್ಲ, ಮಗುವನ್ನು ಬಲ್ಲವರಿಗೆ ಆಯುವ ಅಧಿಕಾರವಿಲ್ಲ. ಶಾಲಾ ಗ್ರಂಥಾಲಯದ ಸಮಸ್ಯೆಯ ತಿರುಳು ಇದೇ.

ಓದು ಬಾರದ ಬೆಲೆ

ಇದೆಲ್ಲ ಪುಸ್ತಕಪ್ರಿಯರ ಹವ್ಯಾಸದ ಮಾತು ಎಂದು ತಳ್ಳಿಹಾಕುವಂತಿಲ್ಲ. ‘ಅಸರ್’ ಸಮೀಕ್ಷೆಯ ಪ್ರಕಾರ, ದೇಶದ ಗ್ರಾಮೀಣ ಭಾಗದ ಸರಕಾರಿ ಶಾಲೆಗಳ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲ ಮಕ್ಕಳು 2018ರಲ್ಲಿ ಶೇ. 20.9ರಷ್ಟಿದ್ದರು. ಕೊರೊನಾ ನಂತರ, 2022ರಲ್ಲಿ ಅದು ಶೇ. 16.3ಕ್ಕೆ ಕುಸಿಯಿತು. 2024ರಲ್ಲಿ ಶೇ. 23.4ಕ್ಕೆ ಏರಿತು. ಏರಿಕೆ ಸಮಾಧಾನಕರವೇ. ಆದರೂ ನಾಲ್ವರಲ್ಲಿ ಮೂವರಿಗೆ ಇನ್ನೂ ಓದು ಒಲಿದಿಲ್ಲ. 2021ರಲ್ಲಿ ಘೋಷಿತವಾದ ‘ನಿಪುಣ್ ಭಾರತ್’ ಅಭಿಯಾನ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥವರಿತು ಓದಬೇಕೆಂಬ ಗುರಿಗೆ ಕೊಟ್ಟುಕೊಂಡ ಗಡುವು 2026–27.

ಓದುವ ಕಲೆ ಪಠ್ಯಪುಸ್ತಕವೊಂದರಿಂದಲೇ ಬರುವುದಿಲ್ಲ. ಪಠ್ಯಪುಸ್ತಕವನ್ನು ಮಗು ಓದುವುದು ಪ್ರಶ್ನೆಗೆ ಉತ್ತರ ಕೊಡಲು, ಕಥೆ ಪುಸ್ತಕವನ್ನು ಓದುವುದು ಮುಂದೇನಾಯಿತೆಂದು ತಿಳಿಯಲು. ಈಜು ಕಲಿಯಲು ನೀರು ಬೇಕಾದಂತೆ ಓದು ಕುದುರಲು ಯಥೇಚ್ಛ ಪುಸ್ತಕಗಳು ಬೇಕು. ಉಳ್ಳವರ ಮನೆಯಲ್ಲಿ ಅವು ಹೇಗೋ ದೊರೆಯುತ್ತವೆ. ಇಲ್ಲದವರಿಗೆ ಶಾಲೆಯ ಬೀರುವೊಂದೇ ಗತಿ.

ಹಳ್ಳಿಯಲ್ಲೇ ಇರುವ ಉತ್ತರ

ಶಿಕ್ಷಕರ ಹುದ್ದೆಗಳೇ ಖಾಲಿ ಬಿದ್ದಿರುವಾಗ ಗ್ರಂಥಪಾಲಕರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಸಹಜ, ನ್ಯಾಯವೂ ಹೌದು. ನಲವತ್ತು ಸಾವಿರಕ್ಕೂ ಮಿಕ್ಕ ಸರಕಾರಿ ಶಾಲೆಗಳಿಗೆ ತಲಾ ಒಬ್ಬರನ್ನು ನೇಮಿಸಿ ಎಂದು ಕೇಳುವುದು ವ್ಯಾವಹಾರಿಕವಲ್ಲ. ಆದರೆ ಉತ್ತರದ ಅರ್ಧ ಭಾಗ ನಮ್ಮ ಹಳ್ಳಿಗಳಲ್ಲೇ ಇದೆ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತವನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ, ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಇಂದು ‘ಅರಿವು ಕೇಂದ್ರ’ಗಳೆಂದು ಕರೆಯಲಾಗುವ ಈ ಗ್ರಂಥಾಲಯಗಳಲ್ಲಿ ಮೇಲ್ವಿಚಾರಕರಿದ್ದಾರೆ. ಅಲ್ಪ ಗೌರವಧನಕ್ಕೆ ವರ್ಷಗಟ್ಟಲೆ ದುಡಿದ ಇವರಿಗೆ ಊರಿನ ಪ್ರತಿ ಮನೆಯ ಮಗುವೂ ಗೊತ್ತು.

ಇವರನ್ನು ಪಂಚಾಯಿತಿ ವ್ಯಾಪ್ತಿಯ ಶಾಲೆಗಳೊಡನೆ ವಿಧಿವತ್ತಾಗಿ ಬೆಸೆಯಬಹುದು. ವಾರಕ್ಕೊಂದು ದಿನ ಶಾಲೆಗೆ ಬಂದು ಬೀರು ತೆರೆಯುವುದು, ಕಥೆ ಓದಿ ಹೇಳುವುದು, ಪುಸ್ತಕ ಮನೆಗೆ ಕೊಟ್ಟು ಕಳುಹಿಸುವುದು, ಮಕ್ಕಳು ಹೇಳಿದ್ದನ್ನು ಬರೆದಿಡುವುದು ಇವರ ಕರ್ತವ್ಯದ ಭಾಗವಾಗಲಿ. ಅದಕ್ಕೆ ತಕ್ಕ ತರಬೇತಿಯೂ ತಕ್ಕ ಸಂಬಳವೂ ದೊರೆಯಲಿ. ಸಂಬಳ ಹೆಚ್ಚಿಸದೆ ಕೆಲಸ ಮಾತ್ರ ಹೆಚ್ಚಿಸಿದರೆ ಇನ್ನೊಂದು ಬೀಗ ತಯಾರಾದೀತು. ಎಲ್.ಕೆ.ಜಿ.ಯಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಆವರಣದಲ್ಲಿ ನಡೆಯುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಾದರೂ ಪೂರ್ಣಾವಧಿ ಗ್ರಂಥಪಾಲಕರ ಹುದ್ದೆ ಸೃಷ್ಟಿಯಾಗಲಿ. ಇಂತಹ 500 ಹೊಸ ಶಾಲೆಗಳನ್ನು 2025–26ರ ಆಯವ್ಯಯದಲ್ಲಿ ಘೋಷಿಸಿದ ಸರಕಾರಕ್ಕೆ, ಕಟ್ಟಡದ ನಕ್ಷೆಯ ಜೊತೆಗೇ ಹುದ್ದೆಯನ್ನೂ ಸೇರಿಸುವುದು ದುಸ್ಸಾಧ್ಯವಲ್ಲ.

ಕಾಸು ಖರ್ಚಿಲ್ಲದ ಸುಧಾರಣೆಯೂ ಒಂದಿದೆ. ಶಾಲಾ ಗ್ರಂಥಾಲಯದ ಪುಸ್ತಕವನ್ನು ‘ಸವೆಯುವ ವಸ್ತು’ ಎಂದು ಪರಿಗಣಿಸಿ ಇಲಾಖೆ ಸುತ್ತೋಲೆ ಹೊರಡಿಸಲಿ. ಸೀಮೆಸುಣ್ಣ ಸವೆದರೆ ಶಿಕ್ಷಕರನ್ನು ಯಾರೂ ಪ್ರಶ್ನಿಸುವುದಿಲ್ಲ. ಮಕ್ಕಳ ಕೈಯಲ್ಲಿ ಸವೆದ ಪುಸ್ತಕಕ್ಕೂ ಅದೇ ವಿನಾಯಿತಿ ಇರಲಿ. ಲೆಕ್ಕಪರಿಶೋಧಕರು ಬಂದಾಗ ಹೊಳೆಯುವ ಹೊಸ ಪುಸ್ತಕಗಳನ್ನು ಕಂಡು ಹುಬ್ಬು ಗಂಟಿಕ್ಕಲಿ, ಅಂಚು ಮುದುಡಿದ, ಬೆರಳ ಗುರುತು ಮೂಡಿದ ಪುಸ್ತಕಗಳನ್ನು ಕಂಡು ಸಹಿ ಹಾಕಲಿ.

ಮುಂದಿನ ಬಾರಿ ನಿಮ್ಮೂರ ಶಾಲೆಯ ಎಸ್.ಡಿ.ಎಂ.ಸಿ. ಸಭೆಗೆ ಹೋದಾಗ, ಓದುಗರೇ, ಕಾಂಪೌಂಡು, ಶೌಚಾಲಯಗಳ ಚರ್ಚೆ ಮುಗಿದ ಮೇಲೆ ಆ ಬೂದುಬಣ್ಣದ ಬೀರುವಿನ ಕಡೆಗೂ ಒಮ್ಮೆ ಕೈತೋರಿಸಿ. ಒಳಗೆ ಎಷ್ಟು ಪುಸ್ತಕಗಳಿವೆ ಎಂದು ಕೇಳಬೇಡಿ. ಕೊನೆಯ ಬಾರಿ ಅದನ್ನು ತೆರೆದದ್ದು ಯಾವಾಗ ಎಂದು ಕೇಳಿ.